ಆಲ್ಪ್ಸ್ ಪರ್ವತ ಮತ್ತು ಅರಳು ಸಂಡಿಗೆ

ಒಂದೇ ಬೆಟ್ಟವನ್ನು ನಾನು ಐದು ಸಲ ಹತ್ತಿದ್ದೇನೆ, ಅದೂ ಮೈಸೂರಿನ ನಮ್ಮ ನಡುಮನೆಯಲ್ಲಿ, ಬೆತ್ತದ ಕುರ್ಚಿಯಿಂದ ಏಳದೆ. ಬೆಟ್ಟ ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್‌ನದು. ‘ಆಲ್ಪೈನ್ ಸಿಂಫನಿ’ ಎಂದು ಅವನು ಹೆಸರಿಟ್ಟಿದ್ದರೂ ಅದು ಜಾತಿಯಲ್ಲಿ ಟೋನ್ ಪೊಯಮ್, ಅಂದರೆ ಮಾತಿಲ್ಲದೆ ಆರ್ಕೆಸ್ಟ್ರಾ ಹೇಳುವ ಕಥೆ. ಕತ್ತಲಲ್ಲಿ ಹೊರಟು, ಸೂರ್ಯೋದಯ ಕಂಡು, ಕಾಡು, ತೊರೆ, ಜಲಪಾತ, ಹುಲ್ಲುಗಾವಲುಗಳನ್ನು ದಾಟಿ, ದಾರಿ ತಪ್ಪಿ, ಹೇಗೋ ತುದಿ ಮುಟ್ಟಿ, ಇಳಿಯುವಾಗ ಬಿರುಮಳೆಗೆ ಸಿಕ್ಕಿ, ಮತ್ತೆ ಕತ್ತಲಾಗುವ ಹೊತ್ತಿಗೆ ಕೆಳಗೆ ಬರುವ ಒಂದು ದಿನವನ್ನು ಅವನು 22 ಭಾಗಗಳಲ್ಲಿ, ಎಲ್ಲಿಯೂ ನಿಲ್ಲಿಸದೆ, ಸುಮಾರು 50 ನಿಮಿಷ ಹೇಳುತ್ತಾನೆ. ಹುಡುಗನಾಗಿದ್ದಾಗ ನಿಜವಾಗಿಯೇ ಹೀಗೆ ದಾರಿ ತಪ್ಪಿ, ತೊಯ್ದು ತೊಪ್ಪೆಯಾಗಿ ಬಂದು, ಅದನ್ನೆಲ್ಲ ಪಿಯಾನೋದ ಮೇಲೆ ನುಡಿಸಿ ತೋರಿಸಿದ್ದನಂತೆ. ದೊಡ್ಡವನಾದ ಮೇಲೆ ಅದೇ ಅನುಭವಕ್ಕೆ ನೂರಕ್ಕೂ ಮಿಕ್ಕಿದ ವಾದಕರು ಬೇಕಾದರು. 1915ರ ಅಕ್ಟೋಬರ್ 28ರಂದು ಬರ್ಲಿನ್‌ನಲ್ಲಿ ತಾನೇ ಮುಂದೆ ನಿಂತು ಅದನ್ನು ಮೊದಲ ಸಲ ನುಡಿಸಿದ.

ಬಹಳ ಕಾಲ ನನ್ನಲ್ಲಿ ಇದ್ದದ್ದು ಕಾರಯಾನ್ ಎಂಬ ಕಂಡಕ್ಟರ್, ಅಂದರೆ ವಾದಕರ ಮುಂದೆ ನಿಂತು ನಡೆಸುವವನು, 1980ರಲ್ಲಿ ಬರ್ಲಿನ್ ಫಿಲಾರ್ಮೋನಿಕ್ ಆರ್ಕೆಸ್ಟ್ರಾದ ಜೊತೆ ಮಾಡಿದ ಧ್ವನಿಮುದ್ರಣವೊಂದೇ, ಮತ್ತು ನಾನು ಸುಖವಾಗಿದ್ದೆ. ಒಂದು ದಿನ ಸ್ನೇಹಿತರೊಬ್ಬರು, “ಕೆಂಪೆ ಕೇಳಿಲ್ಲವೇ?” ಎಂದು ಕೇಳಿ, ನಾನು ಇಲ್ಲವೆಂದಾಗ ನನ್ನ ಕಡೆ ನೋಡಿದ ನೋಟದಲ್ಲಿ, ಮನೆಗೆ ಬಂದ ಅಳಿಯ ಹೋಳಿಗೆ ಬೇಡವೆಂದಾಗ ಅತ್ತೆಯ ಮುಖದಲ್ಲಿ ಕಾಣುವ ವ್ಯಥೆ ಇತ್ತು. ರುಡಾಲ್ಫ್ ಕೆಂಪೆ ಎಂಬ ಇನ್ನೊಬ್ಬ ಕಂಡಕ್ಟರ್ ಡ್ರೆಸ್ಡೆನ್ ಆರ್ಕೆಸ್ಟ್ರಾದೊಂದಿಗೆ 1971ರಲ್ಲಿ ಇದನ್ನು ಮುದ್ರಿಸಿದ್ದ. ಸ್ಟ್ರಾಸ್ ಈ ಕೃತಿಯನ್ನು ಅರ್ಪಿಸಿದ್ದೂ ಅದೇ ಆರ್ಕೆಸ್ಟ್ರಾಕ್ಕೆ. ಅಲ್ಲಿಂದ ರೋಗ ಉಲ್ಬಣಿಸಿತು. 1979ರ ಶೋಲ್ಟಿ, 1985ರ ಹೈಟಿಂಕ್, ಕೊನೆಗೆ 1941ರಲ್ಲಿ ಸ್ಟ್ರಾಸ್ ತಾನೇ ಮ್ಯೂನಿಕ್‌ನಲ್ಲಿ ನುಡಿಸಿದ್ದು ಕೂಡ ಬಂತು. ನಾನು ಇನ್ನೂರು ಪುಟದ ನೋಟುಪುಸ್ತಕ ತಂದು, ಗೆರೆ ಹಾಕಿ, ಅಂಕಪಟ್ಟಿ ತಯಾರಿಸಿಕೊಂಡೆ. “ಕೆಂಪೇಗೌಡರು ಸಂಗೀತವನ್ನೂ ಮಾಡಿದ್ದರೇನೋ?” ಎಂದು ಅಮ್ಮ ವಿಚಾರಿಸಿದರು.

ಮೊದಲ ಅಪಘಾತ ಕಾರಯಾನ್‌ನದು. ‘ರಾತ್ರಿ’ ಎಂಬ ಮೊದಲ ಭಾಗದಲ್ಲಿ ತಂತಿವಾದ್ಯಗಳು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತವೆ. ಇಳಿದ ಪ್ರತಿ ಸ್ವರವೂ ಅಲ್ಲಿಯೇ ಮಂಜಿನಂತೆ ನಿಂತುಬಿಡುತ್ತದೆ. ಇದು ಎಷ್ಟು ಮೆಲ್ಲಗಿರುತ್ತದೆಂದರೆ ನಮ್ಮ ಫ್ಯಾನಿನ ಗರಗರ ಶಬ್ದದ ಕೆಳಗೆ ಇಡೀ ಆಲ್ಪ್ಸ್ ಹೂತುಹೋಗುತ್ತದೆ. ಬೆಳಗಿನ ಐದು ಗಂಟೆಯ ನಿಶ್ಶಬ್ದವೇ ಪ್ರಶಸ್ತವೆಂದು ಎದ್ದು, ಫ್ಯಾನ್ ಆರಿಸಿ, ಮಂಜು ಸ್ಪಷ್ಟವಾಗುವವರೆಗೆ ವಾಲ್ಯೂಮ್ ಏರಿಸಿ ಕಣ್ಣು ಮುಚ್ಚಿದೆ. ಮೂರು ನಿಮಿಷ ಚಿಲ್ಲರೆಯಾದ ಮೇಲೆ ಸೂರ್ಯೋದಯವಾಗುತ್ತದೆ ಎಂಬುದು ನನಗೆ ಗೊತ್ತಿತ್ತು, ಆದರೆ ವಾಲ್ಯೂಮಿನ ಗುಂಡಿಗೆ ಗೊತ್ತಿರಲಿಲ್ಲ. ಇಡೀ ಆರ್ಕೆಸ್ಟ್ರಾ ಒಮ್ಮೆಲೇ ಬೆಳಗಿದಾಗ ಎದುರುಮನೆಯ ದೀಪವೂ ಬೆಳಗಿತು. ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಸುತ್ತಿದ್ದ ನನ್ನ ಹೆಂಡತಿಯ ಕೈಯಿಂದ ಫಿಲ್ಟರಿನ ಮೇಲಿನ ಅರ್ಧ ನೆಲಕ್ಕಿಳಿಯಿತು. ಪುಸ್ತಕದಲ್ಲಿ ನಾನು ‘ಸೂರ್ಯೋದಯ: ಪ್ರಖರ’ ಎಂದು ಬರೆದುಕೊಂಡೆ. ಕಾಫಿ ಅಂದು ಎಂಟೂವರೆಗೆ ಸಿಕ್ಕಿತು.

ಹುಲ್ಲುಗಾವಲಿನ ಭಾಗದಲ್ಲಿ ಸ್ಟ್ರಾಸ್ ನಿಜವಾದ ಹಸುವಿನ ಕೊರಳ ಗಂಟೆಗಳನ್ನು ಬಳಸಿದ್ದಾನೆ. ನಮ್ಮ ಬೀದಿಯಲ್ಲಿ ಹತ್ತೂವರೆಗೆ ಒಂದು ಹಸು ತಪ್ಪದೆ ಬರುತ್ತದೆ, ಅದರ ಗಂಟೆ ಕೇಳಿದೊಡನೆ ಅಮ್ಮ ಬಾಳೆಹಣ್ಣಿನ ಸಿಪ್ಪೆ ಹಾಕಿದ ಕಲಗಚ್ಚಿನ ಬಕೆಟ್ ಹಿಡಿದು ಗೇಟಿಗೆ ಹೋಗುತ್ತಾರೆ. ಕಾರಯಾನ್‌ನ ಗಂಟೆಗೆ ಅವರು ಕದಲಲಿಲ್ಲ. “ಯಾರ ಮನೆಯಲ್ಲೋ ಮಂಗಳಾರತಿ” ಎಂದರು. ಆಮ್‌ಸ್ಟರ್‌ಡ್ಯಾಮಿನ ವಿಶಾಲ ಸಭಾಂಗಣದ ಅನುರಣನದಲ್ಲಿ ತೇಲಿಬಂದ ಹೈಟಿಂಕ್‌ನ ಗಂಟೆ ಕೇಳಿ, “ಇನ್ನೂ ಎರಡು ಬೀದಿ ಆಚೆ ಇದೆ, ನಿಧಾನವಾಗಿ ಬರಲಿ” ಎಂದು ಸೊಪ್ಪು ಬಿಡಿಸುತ್ತ ಕುಳಿತರು. ಕೆಂಪೆಯ ಗಂಟೆಗೆ ಬಕೆಟ್ ಸಮೇತ ಹೊರಟೇಬಿಟ್ಟರು, ಖಾಲಿ ಬೀದಿಯನ್ನು ಎರಡೂ ಕಡೆ ನೋಡಿದರು, ಒಳಗೆ ಬಂದು ಸ್ಪೀಕರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಕೆಂಪೆಗೆ ನಾನು ಹತ್ತಕ್ಕೆ ಹತ್ತು ಕೊಟ್ಟೆ. ಇಷ್ಟು ನಿಷ್ಪಕ್ಷಪಾತವಾದ ವಿಮರ್ಶೆ ಯಾವ ಸಂಗೀತ ಪತ್ರಿಕೆಯಲ್ಲಿಯೂ ಸಿಗಲಾರದೆಂದು ಈಗಲೂ ನಂಬಿದ್ದೇನೆ.

ಈ ಹುಚ್ಚಿಗೆ ಊರಿನ ಪರಂಪರೆಯ ಬೆಂಬಲವೂ ಇದೆಯೆಂದು ನಾನು ಮನೆಯಲ್ಲಿ ವಾದಿಸಿ ನೋಡಿದೆ. ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ, ಆ ಕಛೇರಿಗೆ ಹಣದ ಭರವಸೆ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಅದನ್ನು ಮುದ್ರಿಸಿ ತಮ್ಮ ಸಂಗ್ರಹಕ್ಕೆ ತರಿಸಿಕೊಳ್ಳುವುದು ಅವರ ಉದ್ದೇಶವಾಗಿತ್ತು, ಮತ್ತು ಆ ಸಂಗ್ರಹದಲ್ಲಿ ಸಾವಿರಾರು ರೆಕಾರ್ಡುಗಳಿದ್ದವು. “ಅವರಿಗೆ ಅರಮನೆ ಇತ್ತು ರೀ” ಎಂದು ನನ್ನ ಹೆಂಡತಿ ಸೋಫಾದ ಮೇಲಿನ ಸೀಡಿಗಳನ್ನು ಸರಿಸಿ ಕುಳಿತುಕೊಂಡಳು.

ಗುಡುಗಿನ ಪ್ರಕರಣ ಏಪ್ರಿಲ್ ತಿಂಗಳಿನದು. ಅಮ್ಮ ಬೂದುಗುಂಬಳದ ಅರಳು ಸಂಡಿಗೆ ಇಟ್ಟು ತಾರಸಿಯಲ್ಲಿ ಹಳೆಯ ಪಂಚೆಯ ಮೇಲೆ ಒಣಹಾಕಿದ್ದರು. ಸ್ಟ್ರಾಸ್‌ನ ಬಿರುಮಳೆಯಲ್ಲಿ ಬಟ್ಟೆಗೆ ಉಜ್ಜಿಕೊಂಡು ಸುತ್ತುವ ಗಾಳಿಯಂತ್ರವೂ, ನಮ್ಮ ನಾಟಕ ಕಂಪನಿಗಳವರು ಅಲ್ಲಾಡಿಸುತ್ತಿದ್ದಂಥ ತಗಡಿನ ಹಾಳೆಯೂ ಇವೆ. ಸೋಮವಾರ ಶೋಲ್ಟಿ ಗುಡುಗಿದಾಗ ಹೆಂಡತಿ ತಾರಸಿಗೆ ಓಡಿ, ಸುಡುಬಿಸಿಲಿನಲ್ಲಿ ಸಂಡಿಗೆಯನ್ನೆಲ್ಲ ಬಾಚಿ ಕೆಳಗೆ ತಂದಳು. ಮಂಗಳವಾರ ಕೆಂಪೆಯ ಗುಡುಗಿಗೆ ಮತ್ತೆ ಓಡಿದಳು. ಬುಧವಾರ ಹೈಟಿಂಕ್ ಗುಡುಗಿದಾಗ ಮೆಟ್ಟಿಲ ಬುಡದಲ್ಲಿ ನಿಂತು, “ಇದು ನಿಮ್ಮದೋ ಆಕಾಶದ್ದೋ?” ಎಂದು ಕೂಗಿ ಕೇಳಿದಳು. ಗುರುವಾರ ಯಾರೂ ಕೇಳಲಿಲ್ಲ.

ಗುರುವಾರ 1941ರ ಸರದಿ. ಹಳೆಯ ಮುದ್ರಣವಾದ್ದರಿಂದ ಸೂಕ್ಷ್ಮಗಳು ತಪ್ಪಬಾರದೆಂದು ಕಿಟಕಿ ಮುಚ್ಚಿ, ಪರದೆ ಎಳೆದು ಕುಳಿತಿದ್ದೆ. ಎಪ್ಪತ್ತು ದಾಟಿದ ಸ್ಟ್ರಾಸ್ ತನ್ನ ಬೆಟ್ಟವನ್ನು ತಾನೇ, ಎಲ್ಲಿಯೂ ದಣಿವು ಆರಿಸಿಕೊಳ್ಳಲು ಕೂರದೆ, ಚಟಪಟನೆ ಹತ್ತಿ ಇಳಿಯುತ್ತಾನೆ. ಬಿರುಮಳೆ ಬಂದಾಗ ನನಗೆ ರೋಮಾಂಚನವಾಯಿತು. ಎಂಥ ಗುಡುಗು! ಮೊದಲು ಎಡಗಡೆ ಮಸುಕಾಗಿ ಉರುಳಿ, ತಲೆಯ ಮೇಲೆ ಹಾದು, ಬಲಗಡೆ ಅಡುಗೆಮನೆಯ ದಿಕ್ಕಿನಲ್ಲಿ ಸಿಡಿಯಿತು. ನಮ್ಮ ಬಡಾವಣೆಯಲ್ಲಿ ಮೊದಲ ಗುಡುಗಿಗೇ ಕರೆಂಟು ಹೋಗುವುದು ವಾಡಿಕೆ. ಅಂದು ಹೋಗಲಿಲ್ಲ, ಹೋಗಿದ್ದರೆ ನಾನು ಉಳಿಯುತ್ತಿದ್ದೆ. ನಾನು ಕತ್ತಲಲ್ಲಿಯೇ ಪುಸ್ತಕ ತಡವಿ, ‘ಗುಡುಗು: ಐದರಲ್ಲಿಯೂ ಶ್ರೇಷ್ಠ. ದಿಕ್ಕುಗಳ ಹಂಚಿಕೆ ಅದ್ಭುತ. ಮಣ್ಣಿನ ವಾಸನೆ ಕೂಡ ಬಂದಂತಾಗುತ್ತದೆ’ ಎಂದು ಬರೆದು ಅಡಿಗೆರೆ ಎಳೆದೆ. ಅದು ಸ್ಟೀರಿಯೋಗಿಂತ ಹಿಂದಿನ ಕಾಲದ ಮುದ್ರಣ, ಅದಕ್ಕೆ ಎಡವೂ ಇಲ್ಲ ಬಲವೂ ಇಲ್ಲ ಎಂಬುದು, ಪಂಚೆಯಿಂದ ನೀರು ತೊಟ್ಟಿಕ್ಕಿಸುತ್ತ ಅಮ್ಮ ಬಾಗಿಲಲ್ಲಿ ನಿಂತ ಮೇಲೆ ಹೊಳೆಯಿತು.

ಪಂಚೆಯ ನಡುವೆ ಸಂಡಿಗೆಯೆಲ್ಲ ಒಂದೇ ಮುದ್ದೆಯಾಗಿತ್ತು. ಸ್ಪೀಕರಿನಲ್ಲಿ ಸ್ಟ್ರಾಸ್‌ನ ಸೂರ್ಯ ಶಾಂತವಾಗಿ ಮುಳುಗುತ್ತಿದ್ದ. ಅಮ್ಮ ಬೈಯಲಿಲ್ಲ, ಆ ಮುದ್ದೆಯನ್ನು ಕಲಗಚ್ಚಿನ ಬಕೆಟ್ಟಿಗೆ ಹಾಕಿ, ನನ್ನ ಕಡೆ ತಿರುಗಿ ಕೇಳಿದರು: “ಇದನ್ನು ಯಾವ ಹಸುವಿಗೆ ಇಡಲಿ ಹೇಳು, ನಮ್ಮದಕ್ಕೋ, ನಿನ್ನ ಕೆಂಪೇಗೌಡರದಕ್ಕೋ?”