ಕುಡಿದ ಮೇಲೆ ಹೋಗೋದೆಲ್ಲಿ?

ಇವತ್ತು ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ಆರೋಗ್ಯ ಶಿಬಿರ ಇತ್ತು. ನರ್ಸ್ ಕೆಲಸದ ಮೇಲೆ ನಾನೂ ಹೋಗಿದ್ದೆ. ಕಾಫಿ ಕಣದಲ್ಲಿ ಶಾಮಿಯಾನ, ಮೇಜಿನ ಮೇಲೆ ಅತಿಥಿಗಳಿಗೆ ನೀರಿನ ಬಾಟಲಿ. ಭಾಷಣಕ್ಕೆ ಬಂದವರು ಕುಯ್ಲಿನ ಹೆಂಗಸರಿಗೆ ಹೇಳಿದರು, "ಬಿಸಿಲು ಜಾಸ್ತಿ ಆಗಿದೆ, ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ." ಚಪ್ಪಾಳೆ ಬಿತ್ತು. ನನ್ನ ಪಕ್ಕ ಕೂತಿದ್ದವಳು ಮೆಲ್ಲಗೆ ಕೇಳಿದಳು, "ಕುಡಿದ ಮೇಲೆ ಹೋಗೋದೆಲ್ಲಿ ಸಿಸ್ಟರ್?"

ಮನೆಗೆ ಬಂದು ಇಷ್ಟು ಹೊತ್ತಾದರೂ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ತೋಟದ ಲೆಕ್ಕ ಬರೆಯುವ ರೈಟರ್ ಮಗಳು, ಆಳುಗಳ ಲೈನ್ ಮನೆಗಳ ಪಕ್ಕದಲ್ಲೇ ಬೆಳೆದವಳು ಅಂತ ನಿಮಗೆಲ್ಲ ಗೊತ್ತು. ರೊಬಸ್ಟಾ ಕಾಫಿ ಕುಯ್ಲು ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಗಿಡದ ಬುಡಕ್ಕೆ ಪ್ಲಾಸ್ಟಿಕ್ ಹಾಸಬೇಕು. ಕೊಂಬೆ ಎಳೆದು ಹಣ್ಣು ಉದುರಿಸಬೇಕು. ಎಲೆ, ಕಡ್ಡಿ ಆರಿಸಿ ಚೀಲ ತುಂಬಬೇಕು. ಸಂಜೆ ಆ ಚೀಲ ತಲೆ ಮೇಲೆ ಹೊತ್ತು ತೂಕಕ್ಕೆ ತರಬೇಕು. ಹೆಚ್ಚಿನ ಕಡೆ ಕೂಲಿ ಕಿಲೋ ಲೆಕ್ಕ. ನೀರು ಕುಡಿಯಲು ಹೋಗಿ ಬಂದ ಹೊತ್ತು, ಮರೆಗೆ ಹೋಗಿ ಬಂದ ಹೊತ್ತು, ಎರಡೂ ಅವರ ಕೂಲಿಯಲ್ಲೇ ಕಡಿಮೆ ಆಗುತ್ತದೆ. ಅದೂ ಮರೆ ಅಂತ ಒಂದಿದ್ದರೆ ತಾನೇ? ಪಕ್ಕದ ಸಾಲಿನಲ್ಲೇ ಗಂಡಸರು ಇರುತ್ತಾರೆ. ಸ್ವಲ್ಪ ದೂರ ಹೋಗೋಣ ಅಂದರೆ ಆನೆ ಭಯ. ನಮ್ಮ ಕಡೆ ಆನೆಗಳು ಕಾಡಿಗಿಂತ ತೋಟದಲ್ಲೇ ಜಾಸ್ತಿ ಸಿಗುತ್ತವೆ ಅಂತ ನಿಮಗೇನು ಹೊಸದಾಗಿ ಹೇಳಬೇಕಾ.

ಹಾಗಾಗಿ ಅವರು ಕುಡಿಯೋದೇ ಇಲ್ಲ. ಬೆಳಿಗ್ಗೆ ಒಂದು ಲೋಟ ಕಾಫಿ, ಮಧ್ಯಾಹ್ನ ಅನ್ನದ ಜೊತೆ ಎರಡು ಗುಟುಕು ನೀರು, ಅಷ್ಟೇ. ಓದುವಾಗ ರಜೆಯಲ್ಲಿ ನಾನೂ ಕುಯ್ಯಲು ಹೋಗುತ್ತಿದ್ದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಸಂಜೆ ಮನೆಗೆ ಬಂದು ಬಚ್ಚಲಿಗೆ ಓಡಿದರೆ ಉರಿ ತಾಳಲಾರದೆ ಕಣ್ಣಲ್ಲಿ ನೀರು ಬರುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಇವತ್ತು ಮೊದಲ ಸಲ ಹೇಳುತ್ತಿದ್ದೇನೆ. ಈಗ ಅದೇ ಉರಿಮೂತ್ರ ಅಂತ ಕುಯ್ಲಿನ ಕಾಲದಲ್ಲಿ ಆಸ್ಪತ್ರೆಗೆ ಬರುವ ಹೆಂಗಸರನ್ನು ನಾನೇ ನೋಡುತ್ತೇನೆ. ನೀರು ಕಡಿಮೆ ಕುಡಿದು, ಬಂದದ್ದನ್ನೂ ಗಂಟೆಗಟ್ಟಲೆ ತಡೆದುಕೊಂಡರೆ ಸೋಂಕು ಬರದೆ ಇರುತ್ತಾ? ಮೂತ್ರ ಚಹಾದ ಬಣ್ಣಕ್ಕೆ ತಿರುಗುವ ತನಕ ಕಾಯಬಾರದು, ತಿಳಿ ಹಳದಿ ಇರಬೇಕು ಅಂತ ನಾವು ಹೇಳುತ್ತೇವೆ. ಬಿಸಿಲಲ್ಲಿ ಮೈಮುರಿದು ದುಡಿಯುವವರು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ಕುಡಿಯಬೇಕು ಅಂತಲೂ ಹೇಳುತ್ತೇವೆ. ಹೇಳಿ ಜೀಪ್ ಹತ್ತಿ ಬರುತ್ತೇವೆ.

ಇನ್ನು ಆ ನೀರಾದರೂ ಎಂಥದ್ದು? ಶಿಬಿರ ಮುಗಿದ ಮೇಲೆ ಕುಯ್ಲಿನ ಜಾಗಕ್ಕೆ ಹೋಗಿ ನೋಡಿದೆ. ಸಿಲ್ವರ್ ಓಕ್ ಮರದ ಬುಡದಲ್ಲಿ ಬಿಳಿ ಕ್ಯಾನ್. ಔಷಧಿ ಹೊಡೆಯಲು ತಂದಿದ್ದ ಕ್ಯಾನ್ ಅದು. ಲೇಬಲ್ ಅರ್ಧ ಹರಿದಿದೆ, ಉಳಿದ ಅರ್ಧದಲ್ಲಿ ವಿಷದ ಗುರುತಿನ ಕೆಂಪು ತ್ರಿಕೋನ ಇನ್ನೂ ಕಾಣುತ್ತಿದೆ. ಮುಚ್ಚಳ ಇಲ್ಲ, ಬಾಯಿಗೆ ಪ್ಲಾಸ್ಟಿಕ್ ತುರುಕಿದ್ದಾರೆ. ಎಷ್ಟು ತೊಳೆದರೂ ಅಂಥ ಕ್ಯಾನ್‌ನಲ್ಲಿ ಕುಡಿಯುವ ನೀರು ಇಡಬಾರದು. ನೀರು ಎಲ್ಲಿಂದ ಅಂತ ಕೇಳಿದರೆ ತೋಡಿನಿಂದ, ಅಂದರೆ ಸಣ್ಣ ಹಳ್ಳದಿಂದ ಅಂದರು. ಅದೇ ತೋಡಿನ ಮೇಲ್ಗಡೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವ ಪಲ್ಪಿಂಗ್ ನಡೆಯುತ್ತಿದೆ.

ಗೊತ್ತು, ಈಗ ಒಬ್ಬರು ಬಂದು ಹೇಳುತ್ತಾರೆ, "ನಮ್ಮ ಅಜ್ಜಂದಿರು ತೋಡಿನ ನೀರೇ ಕುಡಿದು ಗಟ್ಟಿಯಾಗಿರಲಿಲ್ವಾ?" ಗಟ್ಟಿಯಾಗಿ ಉಳಿದವರನ್ನು ಮಾತ್ರ ನೀವು ನೋಡಿದ್ದೀರಿ. ವಾಂತಿಭೇದಿಗೆ ಹೋದ ಮಕ್ಕಳ ಲೆಕ್ಕ ಯಾರು ಇಟ್ಟಿದ್ದಾರೆ? ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧ ಅಲ್ಲ. ಟೈಫಾಯ್ಡ್, ಕಾಮಾಲೆ ತರುವ ರೋಗಾಣುಗಳು ಕಣ್ಣಿಗೆ ಕಾಣೋದಿಲ್ಲ. "ಕುದಿಸಿದ ನೀರು ಕೊಟ್ಟರೂ ಇವರು ಕುಡಿಯಲ್ಲ" ಅನ್ನುವವರೂ ಇದ್ದಾರೆ. ಬಿಸಿ ನೀರಿಗೆ ಹಸಿ ನೀರು ಬೆರೆಸಿ ಕೊಡೋದನ್ನು ನಾನು ಎಷ್ಟು ಕಡೆ ನೋಡಿಲ್ಲ! ಬೆರೆಸಿದರೆ ಕುದಿಸಿದ್ದೇ ದಂಡ. ಚೆನ್ನಾಗಿ ಗುಳ್ಳೆ ಬಂದು ಒಂದು ನಿಮಿಷ ಕುದಿದರೆ ಸಾಕು. ಹಿಂದಿನ ರಾತ್ರಿಯೇ ಕಾಯಿಸಿ, ಮುಚ್ಚಿ, ತಾನಾಗಿ ಆರಲು ಬಿಡಿ. ನಲ್ಲಿ ಇರುವ ಡ್ರಮ್‌ನಲ್ಲಿ ತನ್ನಿ. ಆಗ ಲೋಟ ಅದ್ದುವ ಕೆಲಸವೇ ಇರೋದಿಲ್ಲ.

ಇದೆಲ್ಲ ಉಪಕಾರದ ಮಾತೂ ಅಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲೇ ಕುಡಿಯುವ ನೀರು, ಹೆಂಗಸರಿಗೆ ಬೇರೆ ಶೌಚಾಲಯ ಎರಡೂ ಮಾಲೀಕರ ಜವಾಬ್ದಾರಿ ಅಂತ ಬರೆದಿತ್ತು. ಆದರೆ ಆ ಕಾಯ್ದೆಯ ಲೆಕ್ಕ 5 ಹೆಕ್ಟೇರ್ ಮತ್ತು 15 ಜನ ಆಳುಗಳಿಂದ ಶುರುವಾಗುತ್ತಿತ್ತು. ನಮ್ಮಲ್ಲಿ ಅದಕ್ಕಿಂತ ಚಿಕ್ಕ ತೋಟಗಳೇ ಎಷ್ಟೋ. ಬಾಯಾರಿಕೆಗೂ ಎಕರೆ ಲೆಕ್ಕ ಇದೆಯಾ? ಚಿಕ್ಕ ಬೆಳೆಗಾರರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಗೊಬ್ಬರ, ಕೂಲಿ, ಡೀಸೆಲ್ ಎಲ್ಲ ಏರಿದೆ. ಆದರೆ ನಾಲ್ಕು ಕಂಬ, ಒಂದು ಟಾರ್ಪಲ್, ಒಂದು ಗುಂಡಿ, ಒಂದು ಕೊಡ ನೀರು, ಇದಕ್ಕೆ ಯಾವ ಸಬ್ಸಿಡಿ ಬೇಕು? ಕುಯ್ಲು ಮುಂದಿನ ಬ್ಲಾಕಿಗೆ ಹೋದಾಗ ಟಾರ್ಪಲ್ಲೂ ಹೋಗಲಿ. ಗುಂಡಿ ಮಾತ್ರ ತೋಡಿನಿಂದಲೂ ಬಾವಿಯಿಂದಲೂ ದೂರ ಇರಲಿ. ಕಾಫಿ ಹೂ ಅರಳಿಸುವ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಿ ಗಿಡಕ್ಕೆ ಕೆರೆ ಖಾಲಿ ಆಗುವಷ್ಟು ನೀರು ಕೊಡುತ್ತೇವೆ. ಆ ಗಿಡದ ಹಣ್ಣು ಕುಯ್ಯುವವಳಿಗೆ ಕೊಡಲು ನೀರಿಲ್ಲ ಅಂದರೆ ನಾನು ಒಪ್ಪೋದಿಲ್ಲ.

ತೋಟ ಇರುವ ಸ್ನೇಹಿತರೇ, ನಿಮ್ಮಲ್ಲಿ ತುಂಬಾ ಜನ ನನ್ನ ಫ್ರೆಂಡ್ ಲಿಸ್ಟಲ್ಲಿ ಇದ್ದೀರಿ. ಕುಯ್ಲು ಇನ್ನೂ ಮುಗಿದಿಲ್ಲ. ಆಳುಗಳು ಕುಡಿಯುವ ಬಾವಿಯೋ ತೋಡೋ ಯಾವುದು ಅಂತ ನನಗೆ ಮೆಸೇಜ್ ಮಾಡಿ. ನೀರು ಪರೀಕ್ಷಿಸುವ ಚಿಕ್ಕ ಬಾಟಲಿ ತರುತ್ತೇನೆ. ಅದಕ್ಕೆ ನೀರು ತುಂಬಿಸಿ ಒಂದೆರಡು ದಿನ ಬೆಚ್ಚಗೆ ಇಟ್ಟಾಗ ಕಪ್ಪಾದರೆ ಮಲದ ರೋಗಾಣು ಸೇರಿರಬಹುದು ಅಂತ ಅರ್ಥ. ಕಪ್ಪಾದರೆ ಅಲ್ಲಿಂದ ಕುಡಿಯಲು ತರೋದನ್ನು ನಿಲ್ಲಿಸಿ, ಲ್ಯಾಬ್‌ಗೆ ಕಳಿಸೋಣ. ನಾನು ಭಾನುವಾರ ಬಿಡುವಾಗಿರುತ್ತೇನೆ. ಟಾರ್ಪಲ್ ಕಟ್ಟಲು ಕೈ ಬೇಕಾದರೂ ಹೇಳಿ.