ಉಪ್ಪಿನ ಪೊಟ್ಟಣ ಮತ್ತು ಬಣ್ಣದ ಹುಳು

ಶಿರಸಿಯ ನಮ್ಮ ಮಾವನಿಗೆ ಬಸವನಹುಳು ಅಂದರೆ ಆಗುವುದಿಲ್ಲ. ಮಳೆಗಾಲದಲ್ಲಿ ಅವರ ತೋಟದ ಸಸಿಯನ್ನೆಲ್ಲ ಅವೇ ತಿನ್ನುತ್ತವೆ. ಅಂಥವರಿಗೆ ನನ್ನ ಮಗಳು, "ಕಾರವಾರಕ್ಕೆ ಬಾ ಅಜ್ಜಾ, ಬಣ್ಣದ ಬಸವನಹುಳು ತೋರಿಸ್ತಿ" ಅಂದಳು. ಮಾವ ಅಂಗಿ ಕಿಸೆಯಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡೇ ಬಂದರು.

"ಅಜ್ಜಾ, ಅದು ಇಪ್ಪದೇ ಉಪ್ಪುನೀರಲ್ಲಿ!"

ತೋಟದ ಹುಳುವಿನ ಮೈನೀರನ್ನು ಉಪ್ಪು ಹೀರುತ್ತದೆ. ಕಡಲಿನದ್ದರ ಮೈಯಲ್ಲಿ ಕಡಲಿನಷ್ಟೇ ಉಪ್ಪು. ಅದಕ್ಕೆ ಸಿಹಿನೀರೇ ಕಂಟಕ. ಮಾವ ಪೊಟ್ಟಣ ಮಾತ್ರ ಬಿಡಲಿಲ್ಲ.

ಇಳಿತದ ಹೊತ್ತಿಗೆ ಬಂಡೆಗಳ ನಡುವೆ ನಿಂತ ನೀರಲ್ಲಿ ಹುಡುಕಿದೆವು. ಪಾಚಿ ಜಾರುತ್ತಿತ್ತು, ಕಲ್ವಾ ಚಿಪ್ಪು ಕಾಲಿಗೆ ಚುಚ್ಚುತ್ತಿತ್ತು. ಮಾವನಿಗೆ ಮೊದಲು ಸಿಕ್ಕಿದ್ದು ಚಾಕೊಲೇಟ್ ಕಾಗದ, ಆಮೇಲೆ ಹರಿದ ಬಲೆಯ ದಾರ. ಕೊನೆಗೆ ಸ್ಪಂಜು ಎಂಬ ಕಡಲಜೀವಿಯ ಮೇಲೆ ಮಗಳು ಹೇಳಿದ್ದ ಬಣ್ಣದ ಬಸವನಹುಳು, ಉಗುರಿನಷ್ಟುದ್ದದ ನ್ಯೂಡಿಬ್ರಾಂಕ್ ಒಂದು ಕಂಡಿತು. ಇಂಥವು ಜಗತ್ತಿನಲ್ಲಿ 3000ಕ್ಕೂ ಜಾಸ್ತಿ ಬಗೆ.

"ಚಿಪ್ಪು ಎಲ್ಲೋಯ್ತು?" ಅಂದರು ಮಾವ. ಮರಿಯಿದ್ದಾಗ ಪುಟ್ಟ ಚಿಪ್ಪಿರುತ್ತದೆ, ಬೆಳೆಯುವಾಗ ಕಳಚಿ ಹಾಕುತ್ತದೆ. ತಲೆ ಮೇಲಿನ ಜೋಡಿ ಕೊಂಬು ಅದರ ಮೂಗು. ಅದರಲ್ಲೇ ವಾಸನೆ ಹಿಡಿದು ಊಟ ಹುಡುಕುತ್ತದೆ. ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ತಿಳಿಯದು. ಪಾಪ, ಇಷ್ಟು ಬಣ್ಣ ಬಳಿದುಕೊಂಡೂ ತನ್ನ ಚೆಂದ ತಾನು ನೋಡುವಂತಿಲ್ಲ! ಆ ಬಣ್ಣವೂ ಶೋಕಿಗಲ್ಲ, ಮೀನುಗಳಿಗೆ ಕೊಡುವ ಎಚ್ಚರಿಕೆ. ತಿಂದ ಸ್ಪಂಜಿನ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಂಡಿರುತ್ತದೆ.

ಉಸಿರಾಡುವ ಕಿವಿರು ಬೆನ್ನ ಹಿಂಭಾಗದಲ್ಲಿ ಹೂವಿನ ಹಾಗೆ ಅರಳಿತ್ತು. ಅದರ ನಟ್ಟ ನಡುವೆ, ಹೇಗೆ ಹೇಳಲಿ, ಶೌಚದ ದಾರಿ. ದನದ ಕೊಟ್ಟಿಗೆಗೂ ವಾಸ್ತು ನೋಡಿಸಿದ ಮಾವ ಇದನ್ನು ಸಹಿಸಲಿಲ್ಲ. "ಥೋ! ಇದೆಂತ ಪ್ಲಾನು ಮಾರಾಯಾ!" ಎಂದು ಸರಿಯಾಗಿ ನೋಡಲು ಬಗ್ಗಿದರು. ಅದೇ ಹೊತ್ತಿಗೆ ಬಂದ ಅಲೆ ಎದೆಯವರೆಗೆ ತೋಯಿಸಿ, ಬಂಡೆ ಮೇಲಿಟ್ಟಿದ್ದ ಚಪ್ಪಲಿಯಲ್ಲಿ ಒಂದನ್ನು ಒಯ್ದಿತು. ಕಿಸೆಯ ಉಪ್ಪು ಕರಗಿ ಹೊಟ್ಟೆ ಮೇಲೆ ಇಳಿಯತೊಡಗಿತು. ಹುಳು ಮಾತ್ರ ಸ್ಪಂಜು ಬಿಟ್ಟು ಕದಲಲಿಲ್ಲ.

ಒಂಟಿ ಚಪ್ಪಲಿಯಲ್ಲಿ ಕುಂಟುತ್ತಾ, ಹೊಟ್ಟೆ ಕೆರೆದುಕೊಳ್ಳುತ್ತಾ ಬರುತ್ತಿದ್ದ ಮಾವನಿಗೆ ಮಗಳ ಪಾಠ ಮುಂದುವರಿದೇ ಇತ್ತು. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಯಾವ ಎರಡು ಎದುರಾದರೂ ಜೋಡಿಯೇ, ಎರಡೂ ಮೊಟ್ಟೆ ಇಡುತ್ತವೆ.

ಮಾವ ಗಕ್ಕನೆ ನಿಂತರು. ತೋಟ ನೋಡಿಕೊಂಡಿರುವ ಮಗನಿಗೆ ಹೆಣ್ಣು ಹುಡುಕಿ ಹುಡುಕಿ ಸೋತವರು ಅವರು.

"ಹಾಂಗಾದ್ರೆ ಜಾತಕ ಯಾರ ಮನೆಯಿಂದ ಮೊದಲು ಕಳಿಸದು?"