ನರಕದ ಶಿಕ್ಷೆ ಕುರಿತ ಸಂದೇಶಕ್ಕೊಂದು ಸ್ಪಷ್ಟನೆ

ನರಕಕ್ಕೆ ಬಿದ್ದವನಿಗೆ ಬಿಡುಗಡೆಯೇ ಇಲ್ಲವೆಂದೂ, ಮಕ್ಕಳು ಅರಿಯದೆ ಮಾಡಿದ ತಪ್ಪಿಗೂ ಅದೇ ಶಿಕ್ಷೆಯೆಂದೂ ನಮ್ಮ ಪುರಾಣಗಳು ಒಕ್ಕೊರಲಿನಿಂದ ಸಾರುತ್ತವೆ ಎಂಬ ಸಂದೇಶವೊಂದು ಮುಂಬೈ ಸುತ್ತಿನ ಮಾಟುಂಗಾ, ಡೊಂಬಿವಲಿ ಕಡೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಭಾಗವತದ 5ನೇ ಸ್ಕಂಧದ 26ನೇ ಅಧ್ಯಾಯವು 28 ನರಕಗಳನ್ನು ಹೆಸರಿಸಿ, ಯಾವ ಕೃತ್ಯಕ್ಕೆ ಯಾವುದೆಂದು ಬೇರೆಬೇರೆಯಾಗಿ ಹೇಳುತ್ತದೆ. ಸಂದೇಶದ ಜೊತೆಗಿರುವ ಕಾದ ಎಣ್ಣೆಯ ಕೊಪ್ಪರಿಗೆಯ ಚಿತ್ರ ಕುಂಭೀಪಾಕದ್ದು; ಅದು ಪಶುಪಕ್ಷಿಗಳನ್ನು ಜೀವಂತ ಬೇಯಿಸುವವರಿಗೆ ಹೇಳಿದ್ದೇ ಹೊರತು ಪಾಪ ಮಾಡಿದ ಎಲ್ಲರಿಗೂ ಅಲ್ಲ. ಫಲವನ್ನು ಉಂಡ ಬಳಿಕ ಉಳಿದ ಕರ್ಮದೊಡನೆ ಜೀವ ಮರಳಿ ಹುಟ್ಟುತ್ತದೆ ಎಂದೂ ಅದೇ ಅಧ್ಯಾಯದ ಕೊನೆಯಲ್ಲಿದೆ.

ಮಕ್ಕಳ ಮಾತಿಗೆ ಬಂದರೆ, ಮಹಾಭಾರತದ ಆದಿಪರ್ವವನ್ನೇ ನೋಡಬೇಕು. ಬಾಲ್ಯದಲ್ಲಿ ಕೀಟಗಳಿಗೆ ಹುಲ್ಲುಕಡ್ಡಿ ಚುಚ್ಚಿದ ತಪ್ಪಿಗೆ ಶೂಲಕ್ಕೇರಬೇಕಾಗಿ ಬಂದ ಮಾಂಡವ್ಯ ಋಷಿ, ಅಲ್ಪ ಅಪರಾಧಕ್ಕೆ ಇಷ್ಟು ದೊಡ್ಡ ದಂಡನೆಯೇ ಎಂದು ಧರ್ಮದೇವತೆಯನ್ನೇ ಶಪಿಸಿ, 14 ವರ್ಷದವರೆಗೆ ಮಾಡಿದ್ದು ಪಾಪವೆನಿಸದು ಎಂಬ ಮೇರೆ ಹಾಕಿದ. ಧರ್ಮನು ವಿದುರನಾಗಿ ಹುಟ್ಟಬೇಕಾಯಿತು. ದಂಡಿಸುವವನೇ ದಂಡನೆಗೊಳಗಾದ ಈ ಪ್ರಸಂಗವನ್ನು ಸಂದೇಶ ಬರೆದವರು ಓದಿದಂತಿಲ್ಲ.

ಹಾಗೆಂದು ನಿತ್ಯನರಕದ ಮಾತೇ ನಮ್ಮಲ್ಲಿಲ್ಲ ಎನ್ನುವುದೂ ತಪ್ಪಾದೀತು. ಮಧ್ವಮತದಲ್ಲಿ ತಮೋಯೋಗ್ಯ ಜೀವರಿಗೆ, ಅಂದರೆ ಸ್ವಭಾವದಿಂದಲೇ ಕತ್ತಲಿಗೆ ತಕ್ಕವರೆನಿಸಿದ ಜೀವರಿಗೆ, ಅಂಧಂತಮಸ್ಸು ಎಂಬ ಕಡುಗತ್ತಲ ನರಕ ಶಾಶ್ವತ. ಆದರೆ ಅಲ್ಲಿ ಅದು ಜೀವದ ಅನಾದಿ ಸ್ವಭಾವಕ್ಕೆ ಸಂಬಂಧಿಸಿದ್ದು, ಯಾವುದೋ ಒಂದು ತಪ್ಪಿಗೆ ವಿಧಿಸಿದ್ದಲ್ಲ. ಅದು ನ್ಯಾಯವೇ ಎಂಬ ತಕರಾರು ಬೇರೆ. ಆ ಮತದ ಮಾತನ್ನು ಎಲ್ಲ ಪುರಾಣಗಳ ಬಾಯಲ್ಲೂ ತುರುಕುವುದಂತೂ ಸಲ್ಲದು.